ಮಳೆಕಾಡಿನ ಮದ್ದು

ಮೊದಲು ಸತ್ತದ್ದು ಹಾವುರಾಣಿ.

ದ್ಯಾವಮ್ಮ ಬೆಳಿಗ್ಗೆ ದಾರಿ ಗುಡಿಸುತ್ತಿದ್ದಳು. ಪೊರಕೆಗೆ ಮೆತ್ತಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಎಲೆಗಳ ನಡುವೆ ಅಂಗಾತ ಬಿದ್ದಿತ್ತು. ಹಲ್ಲಿಗಿಂತ ಉದ್ದದ, ಎಣ್ಣೆ ಹಚ್ಚಿದಂಥ ಮೈ. ಬಾಯಲ್ಲಿ ನೊರೆ. ಜೀವ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಿಂಗಾಲು ಒಂದೇ ಸಮ ಅದುರುತ್ತಿತ್ತು. ಅವಳು ನೋಡುತ್ತಿದ್ದ ಹಾಗೇ ಅದುರುವುದೂ ನಿಂತಿತು.

ಬೆಕ್ಕು ಕಚ್ಚಿರಬೇಕು ಅಂದುಕೊಂಡಳು. ಆದರೆ ಮೈಮೇಲೆ ಒಂದು ಗೀರೂ ಇರಲಿಲ್ಲ. ಮಾರನೆಯ ದಿನ ಜರಿಗಿಡಗಳ ಬುಡದಲ್ಲಿ ಇನ್ನಷ್ಟು ಸಿಕ್ಕವು. ಆಮೇಲೆ ಬಂಡೆ ಸಂದಿಯ ಹಲ್ಲಿಗಳು ಉದುರಿದವು. ಅದಾದ ಮೇಲೆ ಓತಿಕ್ಯಾತಗಳು. ಮರದ ಮೇಲೆ ತಲೆ ಆಡಿಸುತ್ತ ಕೂತಿರಬೇಕಾದವು ಕಾಯಿ ಉದುರಿದ ಹಾಗೆ ಪಟಪಟ ನೆಲಕ್ಕೆ ಬೀಳುತ್ತಿದ್ದವು. ಬಿದ್ದವು ಮತ್ತೆ ಮರ ಹತ್ತಲು ನೋಡುತ್ತಿದ್ದವು. ಉಗುರು ತೊಗಟೆಗೆ ಹಿಡಿಯುತ್ತಿರಲಿಲ್ಲ.

"ಜನ ಬರೋದ್ರೊಳಗೆ ಎಲ್ಲ ಚೀಲಕ್ಕೆ ತುಂಬಿ ಹಿಂದುಗಡೆ ಸುಟ್ಟು ಹಾಕಬೇಕು," ಎಂದಿದ್ದ ಮ್ಯಾನೇಜರು ದಿಲೀಪ್. "ಒಂದು ಸತ್ತ ಹಲ್ಲಿ ಯಾರ ಫೋಟೋದಲ್ಲಾದರೂ ಕಂಡರೆ ನಿಮ್ಮ ಕೆಲಸ ಇರಲ್ಲ."

ದ್ಯಾವಮ್ಮ ಚೀಲಕ್ಕೆ ತುಂಬುತ್ತಿದ್ದಳು. ಬರಿಗೈಯಲ್ಲಿ. ಅವಳ ಜೊತೆ ಗುಡಿಸುವ ಪುಟ್ಟಲಕ್ಷ್ಮಮ್ಮ ಸುಡುತ್ತಿದ್ದಳು. ಸುಟ್ಟ ವಾಸನೆ ಕಾಲೋನಿಯವರೆಗೂ ಬರುತ್ತಿತ್ತು.

ಕಾಲೋನಿ ಅಂದರೆ ಬೋರೆಕೊಪ್ಪಲಿನ ಹೊಲಗೇರಿ. ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ಕಡೆ ನಾಲೆ ದಾಟಿದರೆ ಸಿಗುವ ಬೋರೆ, ಕಲ್ಲುದಿಣ್ಣೆ ಅದು. ಹಿಂದೆ ಅಲ್ಲಿ ಗೋಮಾಳ ಇತ್ತು. ಗೋಮಾಳದ ಒಂದು ಮೂಲೆಯಲ್ಲಿ ಕಾಲೋನಿಯವರ ಮಸಣ ಇತ್ತು. ಕೆಂಪು ಮಣ್ಣು, ಕಲ್ಲುಗುಪ್ಪೆ, ಕಳ್ಳಿ, ತಂಗಡಿ. ಆಡು ಕುರಿ ಅಲ್ಲೇ ಮೇಯುತ್ತಿದ್ದವು. ಸತ್ತವರು ಅಲ್ಲೇ ಮಲಗುತ್ತಿದ್ದರು. ದ್ಯಾವಮ್ಮನ ಅತ್ತೆ ದೊಡ್ಡತಾಯಮ್ಮ ಅಲ್ಲೇ ಇದ್ದಳು.

ಬೆಂಗಳೂರಿನ ಕಂಪನಿಯೊಂದು ಆ ಜಾಗವನ್ನು ಗುತ್ತಿಗೆಗೆ ಹಿಡಿಯಿತು. ಹಿಡಿದದ್ದು ಯಾವಾಗ, ಕೊಟ್ಟವರು ಯಾರು ಎಂದು ಕಾಲೋನಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಜೆಸಿಬಿ ಬಂದಿತು. ಬೇಲಿ ಬಂದಿತು. ಗೋರಿಗಳ ಮೇಲಿನ ಕಲ್ಲುಗಳನ್ನು ಬಾಚಿ ಹೊಸದಾಗಿ ತೋಡಿದ ಕೊಳದ ಅಂಚಿಗೆ ಕಟ್ಟಿದರು. ಲಾರಿಗಟ್ಟಲೆ ಮರ ಬಂದವು. ಬುಡಕ್ಕೆ ಗೋಣಿ ಸುತ್ತಿದ, ಈ ಸೀಮೆಯವರು ಹೆಸರು ಕೇಳಿರದ ಘಟ್ಟದ ಮರಗಳು. ಮೇಲೆ ಹಸಿರು ಪರದೆ ಕಟ್ಟಿದರು. ಪರದೆಯ ಕೆಳಗೆ ಕೊಳವೆ ಎಳೆದರು. ನಾಲೆ ನೀರು ಆ ಕೊಳವೆಗಳಿಂದ ಹೊಗೆಯ ಹಾಗೆ, ತುಂತುರಿನ ಹಾಗೆ ದಿನಾ ಬೀಳತೊಡಗಿತು. ಬಾಗಿಲಲ್ಲಿ ದೊಡ್ಡ ಬೋರ್ಡು ಎದ್ದಿತು. ಮಳೆಕಾಡು.

ಊರಿಗೆ ಮಳೆ ಬರಲಿ ಬಿಡಲಿ, ಮಳೆಕಾಡಿಗೆ ದಿನಾ ಮಳೆ. ಕಾಲೋನಿಯ ನಲ್ಲಿಯಲ್ಲಿ ಬಂದರೆ ನೀರು, ಇಲ್ಲದಿದ್ದರೆ ಗಾಳಿ. ಶ್ರೀರಂಗಪಟ್ಟಣ ನೋಡಲು ಬಂದವರು, ತೊಣ್ಣೂರು ಕೆರೆ ನೋಡಲು ಬಂದವರು ಕಾರು ತಿರುಗಿಸಿಕೊಂಡು ಇಲ್ಲಿಗೆ ಬರುತ್ತಿದ್ದರು. ಆ ತುಂತುರಿನ ಕೆಳಗೆ ಕೈ ಚಾಚಿ ನಿಂತು ವಿಡಿಯೋ ಮಾಡುತ್ತಿದ್ದರು. ಅವರು ನಿಂತ ನೆಲದ ಕೆಳಗೆ ದೊಡ್ಡತಾಯಮ್ಮ ಇದ್ದಳು. ಮೇಲೆ ದ್ಯಾವಮ್ಮ ಕಸ ಗುಡಿಸುತ್ತಿದ್ದಳು.

ಬೇಲಿ ಬಂದ ಮೇಲೆ ಕಾಲೋನಿಯಲ್ಲಿ ಸತ್ತವರನ್ನು ನಾಲೆ ಏರಿಯ ಬಗಲಲ್ಲಿ ಹೂಳುತ್ತಿದ್ದರು. ನಾಲೆ ತುಂಬಿದರೆ ಗುಂಡಿಯಲ್ಲಿ ನೀರು ಜಿನುಗುತ್ತಿತ್ತು. ನೀರಿಗೇ ಹೆಣ ಇಳಿಸಬೇಕಾಗುತ್ತಿತ್ತು. ಕೇಳಿದರೆ ದಿಲೀಪ್ ನಗುತ್ತಿದ್ದ. "ಕೆಲಸ ಕೊಟ್ಟಿದ್ದೀವಲ್ಲಪ್ಪ. ಇನ್ನೇನು ಬೇಕು?"

ಕೆಲಸ ಕೊಟ್ಟಿದ್ದು ನಿಜ. ಹೆಂಗಸರಿಗೆ ಗುಡಿಸುವುದು, ಕಕ್ಕಸು ತೊಳೆಯುವುದು. ಗಂಡಸರಿಗೆ ಗುಂಡಿ ತೋಡುವುದು, ಮದ್ದು ಹೊಡೆಯುವುದು.

ಮದ್ದು ಹೊಡೆಯುತ್ತಿದ್ದವನು ದ್ಯಾವಮ್ಮನ ಗಂಡ ಚಿಕ್ಕಮಾದಯ್ಯ.

ಮಾತು ಕಡಿಮೆಯ ಆಳು. ಕಬ್ಬು ಕಡಿಯುತ್ತಿದ್ದಾಗ ಅವನ ಸಾಲಿಗೆ ಸಾಟಿ ಇರಲಿಲ್ಲ. ಈಗ ಕೋಳಿ ಕೂಗುವ ಹೊತ್ತಿಗೆ ಎದ್ದು ಬೆನ್ನಿಗೆ ಪಂಪು ಏರಿಸುತ್ತಿದ್ದ. ತುಂತುರು ನೀರು ನಿಂತಲ್ಲೆಲ್ಲ ಸೊಳ್ಳೆ. ಕೊಳೆತ ಎಲೆಯಲ್ಲೆಲ್ಲ ಇರುವೆ, ಜಿಗಣೆ, ಹುಳ. ಕಾಡು ನೋಡಲು ಬರುವವರಿಗೆ ಕಾಡಿನ ಹುಳ ಕಚ್ಚಕೂಡದು. ಅದಕ್ಕೇ ದಿನಾ ಮದ್ದು. ನೀಲಿ ಕ್ಯಾನಿನಿಂದ ಮುಚ್ಚಳದ ಅಳತೆಯಲ್ಲಿ ಸುರಿದು ನೀರು ಬೆರೆಸಬೇಕು. ಕ್ಯಾನಿನ ಮೇಲಿನ ಚೀಟಿಯನ್ನು ಯಾರೋ ಕೆರೆದು ಹಾಕಿದ್ದರು. ಮುಖಕ್ಕೆ ಕಟ್ಟಿಕೊಳ್ಳಲು ಅವನದೇ ಟವಲು. ಪಂಪಿನ ಮುಚ್ಚಳ ಸೋರಿ ಬೆನ್ನು ಒದ್ದೆಯಾಗುತ್ತಿತ್ತು. ಅಂಗಿ ಬಿಚ್ಚಿದರೆ ಬೆನ್ನಿನ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಸುಲಿದಿರುತ್ತಿತ್ತು.

ಅವನು ಹೊಡೆದು ಹೋದ ದಾರಿಯಲ್ಲೇ ದ್ಯಾವಮ್ಮ ಬರಿಗಾಲಲ್ಲಿ ಗುಡಿಸುತ್ತಿದ್ದಳು.

ಬೇಸಿಗೆ ಏರುತ್ತಿದ್ದಾಗ ಕಂಪನಿ ಕೆಲಸಕ್ಕೆ ಇಟ್ಟುಕೊಂಡ ವೀಣ ಮೇಡಂ ಮಳೆಕಾಡಿಗೆ ಬಂದಳು. ಹಲ್ಲಿ ಓತಿಗಳ ಬಗ್ಗೆ ಓದಿದವಳು. ಘಟ್ಟದ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದವಳು. ಹೊರದೇಶದ ಸಂಸ್ಥೆಯೊಂದು ಈ ಕಾಡಿಗೆ ಸರ್ಟಿಫಿಕೇಟು ಕೊಡಬೇಕಿತ್ತು. ಇದು ಆರೋಗ್ಯವಾದ ಮಳೆಕಾಡು ಎಂದು. ಅದು ಸಿಕ್ಕರೆ ಉಳಿದ ಗೋಮಾಳವೂ ಕಂಪನಿಗೆ ಎಂದು ಊರಲ್ಲಿ ಮಾತಿತ್ತು. ಕಾಲೋನಿಯ ಹಿತ್ತಿಲ ತನಕ. ಕಾಡು ಆರೋಗ್ಯವಾಗಿದೆಯೋ ಇಲ್ಲವೋ ಎಂದು ನೋಡಲು ಆ ಸಂಸ್ಥೆಯವರು ಮೊದಲು ಕೇಳುವುದು ಓತಿಗಳನ್ನಂತೆ.

ವೀಣ ಒಳ್ಳೆಯವಳು. ಏಕವಚನದಲ್ಲಿ ಕರೆಯುತ್ತಿರಲಿಲ್ಲ. ದ್ಯಾವಮ್ಮ ತುಂಬಿದ ಚೀಲದಿಂದ ಒಂದು ಸತ್ತ ಓತಿಯನ್ನು ಎತ್ತಿಕೊಂಡು, ಕೈಗವಸು ಹಾಕಿದ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಎಷ್ಟು ದಿನದಿಂದ ಹೀಗೆ, ದ್ಯಾವಮ್ಮ?"

"ತಂಗಡಿ ಊ ಬುಡೋ ಕಾಲ್ದಿಂದ ಕನವ್ವ. ಮೊದ್ಲು ಆವ್ರಾಣಿ, ಆಮ್ಯಾಕೆ ಇವು."

"ನೆಲಕ್ಕೆ ಅಂಟಿಕೊಂಡು ಬದುಕೋವು ಮೊದಲು ಸಾಯ್ತವೆ," ಎಂದಳು ವೀಣ. "ನೆಲಕ್ಕೆ ಏನು ಬಿದ್ದರೂ ಮೊದಲು ಇವುಗಳ ಮೈಗೆ ಬರುತ್ತೆ. ಕಾಡು ಕೆಡ್ತಾ ಇದೆ ಅಂತ ಮೊದಲು ಹೇಳೋದು ಇವೇ."

ಸತ್ತ ಓತಿಗಳನ್ನು ಅವಳು ಒಂದು ಐಸಿನ ಡಬ್ಬಕ್ಕೆ ಹಾಕಿ, ಕುಯ್ದು ನೋಡಿಸಲು ಮೈಸೂರಿಗೆ ತೆಗೆದುಕೊಂಡು ಹೋದಳು. ದ್ಯಾವಮ್ಮ ಪೊರಕೆ ಹಿಡಿದು ನಿಂತೇ ಇದ್ದಳು. ನೆಲಕ್ಕೆ ಅಂಟಿಕೊಂಡು ಬದುಕೋವು. ತನ್ನ ಪಾದ ನೋಡಿಕೊಂಡಳು. ಹಿಮ್ಮಡಿಯ ಸೀಳುಗಳಲ್ಲಿ ಮದ್ದಿನ ನೀರು ಕೂತು ಬೆಳ್ಳಗಾಗಿತ್ತು.

ಆ ಮಧ್ಯಾಹ್ನ ಚಿಕ್ಕಮಾದಯ್ಯ ಉಣ್ಣಲು ಕೂತಾಗ ಮುದ್ದೆ ಮುರಿಯಲು ಹೋದ ಬೆರಳು ಅದುರಿತು. ಸಾರಿಗೆ ಅದ್ದುವಷ್ಟರಲ್ಲಿ ತುತ್ತು ಜಾರಿ ತಟ್ಟೆಗೆ ಬಿದ್ದಿತು. ಮತ್ತೆ ಮುರಿದ. ಮತ್ತೆ ಬಿದ್ದಿತು. ಬಾಯ ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ದ್ಯಾವಮ್ಮ ಅವನ ಬೆರಳುಗಳನ್ನೇ ನೋಡಿದಳು. ಆ ಅದುರುವಿಕೆಯನ್ನು ಅವಳು ದಿನಾ ಚೀಲಕ್ಕೆ ತುಂಬುತ್ತಿದ್ದಳು.

"ನಾಳಿಂದ ಓಗ್ಬ್ಯಾಡ," ಎಂದಳು.

"ಬುಟ್ರೆ ಇಬ್ರನ್ನೂ ಬುಡುಸ್ತಾನೆ ಕಣೆ."

"ಬುಡುಸ್ಲಿ."

"ಅತ್ತಾಗೆ ಕಬ್ಬು ಕಡಿಯಾಕೆ ಮಿಸೀನು ಬಂದವೆ. ಇತ್ತಾಗೆ ಇದ್ನೂ ಬುಟ್ರೆ?" ಟವಲಿನಿಂದ ಬಾಯಿ ಒರೆಸಿಕೊಂಡ. "ಕಣ್ಣು ಒಸಿ ಮಬ್ಬು ಅಷ್ಟೆಯ. ಬಿಸ್ಲಿಗೆ."

ವೀಣ ಮೈಸೂರಿನಿಂದ ವಾಪಸು ಬಂದ ದಿನ ಆಫೀಸಿನಲ್ಲಿ ಜೋರು ಮಾತು ನಡೆಯಿತು. ದ್ಯಾವಮ್ಮ ಹೊರಗೆ ಜಗಲಿ ಒರೆಸುತ್ತಿದ್ದಳು.

"ಎಲೆ ಕೆಳಗಿನ ಜಾತಿಗಳು ಪೂರ್ತಿ ಹೋಗಿವೆ. ಆ ಔಷಧಿ ನಿಲ್ಲಿಸದಿದ್ದರೆ ಒಂದೂ ಉಳಿಯಲ್ಲ."

"ಮೇಡಂ, ಸೊಳ್ಳೆ ಕಚ್ಚಿಸಿಕೊಳ್ಳೋಕೆ ಯಾರೂ ಟಿಕೆಟ್ ತಗೊಳಲ್ಲ."

"ಹಲ್ಲಿ ಇಲ್ಲ ಅಂದ್ರೆ ಕಾಡಿಲ್ಲ. ತಪಾಸಣೆಯವರಿಗೆ ನಾನು ಏನು ತೋರಿಸಲಿ?"

"ಹಲ್ಲಿ ತಾನೇ ಬೇಕಾಗಿರೋದು?" ಎಂದ ದಿಲೀಪ್. "ತರಿಸೋಣ ಬಿಡಿ."

ಸಂಜೆ ಕಾಲೋನಿಯವರನ್ನೆಲ್ಲ ಬಾಗಿಲ ಮುಂದೆ ನಿಲ್ಲಿಸಿದ. ಊರಿನವರೂ ಕೆಲವರು ಟೀ ಅಂಗಡಿಯಿಂದ ಎದ್ದು ಬಂದು ನೋಡುತ್ತಿದ್ದರು.

"ಓತಿಕ್ಯಾತ ಬೇಕು. ಹಾವುರಾಣಿ ಬೇಕು. ಜೀವ ಇರೋವು. ಎಲ್ಲಿಂದ ತರ್ತೀರೋ ನಂಗೆ ಬೇಡ. ನಿಮ್ಮೋರಿಗೆ ಇದೇನು ಹೊಸದಾ? ಉಡ ಹಿಡಿದು ತಿಂದ ಕೈಗಳಲ್ವಾ?"

ಟೀ ಅಂಗಡಿಯವರು ನಕ್ಕರು. ಕಾಲೋನಿಯವರು ತಲೆ ತಗ್ಗಿಸಿದರು. ದ್ಯಾವಮ್ಮ ತಗ್ಗಿಸಲಿಲ್ಲ.

"ಒಟ್ಟೆಗಿಲ್ದಾಗ ತಿಂದೋ ಸಾ. ಸೋಕಿಗೆ ತಿನ್ನಲಿಲ್ಲ."

ದಿಲೀಪ್ ಅವಳನ್ನೇ ನೋಡಿದ. ಆಮೇಲೆ ದನಿ ಮೆತ್ತಗೆ ಮಾಡಿಕೊಂಡ. "ನೋಡಮ್ಮ, ಸರ್ಟಿಫಿಕೇಟ್ ಬರಲಿ. ನಿಮ್ಮ ಮಸಣಕ್ಕೆ ಬೇಲಿ ಪಕ್ಕದಲ್ಲಿ ದಾರಿ ಬಿಡಿಸಿಕೊಡೋದು ನನ್ನ ಜವಾಬ್ದಾರಿ. ಇದೊಂದು ಮಾಡಿಕೊಡಿ."

ಮಸಣದ ಮಾತು ಎದ್ದಾಗ ಯಾರೂ ಇಲ್ಲ ಅನ್ನಲಿಲ್ಲ.

ಹಿಡಿದರು. ತೆಂಗಿನ ಗರಿಯ ಕಡ್ಡಿಯ ತುದಿಗೆ ದಾರದ ಕುಣಿಕೆ ಕಟ್ಟಿಕೊಂಡು ಹೊರಟರು. ನಾಲೆ ಏರಿ, ಕಳ್ಳಿ ಬೇಲಿ, ಲಂಟಾನದ ಮೆಳೆ, ಕಲ್ಲು ಕ್ವಾರಿಯ ಗುಪ್ಪೆಗಳು. ನಾಗಮಂಗಲದ ಕಡೆಯ ಬೋರೆಗಳ ತನಕ ಹೋದರು. ಅರವತ್ತು ದಾಟಿದ ಹೆಂಗಸರು ಮುಳ್ಳಿನೊಳಗೆ ಮೊಣಕಾಲೂರಿ ತೆವಳಿದರು. ಓತಿ ತಲೆ ಎತ್ತುವ ತನಕ ಉಸಿರು ಬಿಗಿಹಿಡಿದು ಕುಣಿಕೆ ಮುಂದೆ ಚಾಚಿ ಕಾಯಬೇಕು. ಬಿಸಿಲು ನೆತ್ತಿ ಸುಡುತ್ತಿತ್ತು. ಕೈ ಸೋತು ನಡುಗಿದರೆ ಓತಿ ಓಡುತ್ತಿತ್ತು. ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನವರು ಕೂಗುತ್ತಿದ್ದರು. "ಏನ್ಲಾ, ಇವತ್ತು ಓತಿಕ್ಯಾತದ ಬಾಡೂಟವಾ?"

ಹಿಡಿದು ತಂದು ಮಳೆಕಾಡಿಗೆ ಬಿಟ್ಟರು. ಬೇಲಿಯ ಮೇಲೆ ಬಿಸಿಲು ಕಾಯಿಸಿಕೊಂಡು ಬದುಕಿದ ಜೀವಗಳು ಆ ನೆರಳಿನಲ್ಲಿ, ಆ ತುಂತುರಿನಲ್ಲಿ ಕಂಗಾಲಾಗಿ ನಿಂತವು. ಮಾರನೆಯ ದಿನ ಬೆಳಿಗ್ಗೆ ದ್ಯಾವಮ್ಮನ ಪೊರಕೆಗೆ ಸಿಕ್ಕವು. ಮತ್ತೆ ಹಿಡಿದು ತಂದರು. ಮತ್ತೆ ಗುಡಿಸಿದಳು.

ಹೀಗೆ ಸುತ್ತಲ ಬೇಲಿಗಳು ಬರಿದಾದವು. ಪುಟ್ಟಲಕ್ಷ್ಮಮ್ಮ ಒಂದು ದಿನ ಬೆಂಕಿಯ ಮುಂದೆ ಕೂತು ಹೇಳಿದಳು. "ನೆನ್ನೆ ರಾತ್ರಿ ಸೂರಲ್ಲಿ ಅಲ್ಲಿ ಲೊಚಗುಟ್ಟೋದು ಕೇಳ್ನಿಲ್ಲ ಕನಕ್ಕ. ಒಂದೂ ಇಲ್ಲ. ನಮ್ ಗ್ವಾಡೆ ಮೇಗ್ಲವೂ ಓದೋ."

ಮನೆಯ ಹಲ್ಲಿಗಳಿಗೆ ಯಾರೂ ಕುಣಿಕೆ ಹಾಕಿರಲಿಲ್ಲ. ಗಾಳಿ ಬೇಲಿ ದಾಟಿ ಬರುತ್ತಿತ್ತು.

ತಪಾಸಣೆಯ ದಿನ ಹತ್ತಿರ ಬಂದಂತೆ ಮದ್ದಿನ ಅಳತೆ ಏರಿತು. ಬರುವ ದೊಡ್ಡವರಿಗೆ ಒಂದು ಸೊಳ್ಳೆಯೂ ಕಚ್ಚಬಾರದು. ಮದ್ದು ಮೊದಲು ಹೊಡೆದು, ಹೊಸ ಓತಿಗಳನ್ನು ಅವರು ಬರುವ ಹೊತ್ತಿಗೆ ಸರಿಯಾಗಿ ಬಿಡಬೇಕು ಎಂದು ದಿಲೀಪ್ ಲೆಕ್ಕ ಹಾಕಿದ್ದ. ಬಂದವರು ಹೋಗುವ ತನಕ ಬದುಕಿದ್ದರೆ ಸಾಕು.

ಆ ದಿನ ಮುಂಜಾನೆ ಚಿಕ್ಕಮಾದಯ್ಯ ಪಂಪು ಬೆನ್ನಿಗಿಟ್ಟುಕೊಂಡೇ ಕವುಚಿ ಬಿದ್ದ. ಪುಟ್ಟಲಕ್ಷ್ಮಮ್ಮ ಕಂಡು ಕಿರುಚಿಕೊಂಡಳು. ದ್ಯಾವಮ್ಮ ಓಡಿ ಬಂದಾಗ ಅವನ ಕಾಲು ನೆಲಕ್ಕೆ ಬಡಿಯುತ್ತಿತ್ತು. ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಪಂಪಿನ ಮದ್ದು ಅವನ ಕುತ್ತಿಗೆಯ ಮೇಲೆ ಸುರಿಯುತ್ತಲೇ ಇತ್ತು. ಕಟ್ಟು ಬಿಚ್ಚಿ ಪಂಪನ್ನು ಆಚೆ ಎಸೆದಳು. ಸೆರಗಿನಲ್ಲಿ ಒರೆಸಿದಳು. ಕೂಗಿದಳು. ಅವನ ಬಾಯಲ್ಲಿ ನೊರೆ ಬಿಟ್ಟರೆ ಮಾತಿರಲಿಲ್ಲ.

ಕಂಪನಿಯ ಜೀಪು ಬೇಗನೆ ಬಂದಿತು. ಅವನನ್ನು ಹಿಂದೆ ಹಾಕಿಕೊಂಡಿತು. ಅವಳು ಹತ್ತಲು ಹೋದರೆ ಗಾರ್ಡು ತಡೆದ. "ಸಾಹೇಬ್ರು ಕಳುಸ್ತಾವ್ರೆ. ನೀನು ಗುಡ್ಸು. ದೊಡ್ಡೋರು ಬರೋ ಒತ್ತಾಯ್ತು."

ಅವಳು ಪೊರಕೆ ಬಿಸಾಕಿ ರಸ್ತೆಗೆ ಓಡಿದಳು. ಕಾಲೋನಿಯ ಅಶೋಕ್ ಗೂಡ್ಸ್ ಟೆಂಪೋ ಹೊಡೆಯುತ್ತಿದ್ದ. ಸೊಪ್ಪು ಇಳಿಸಿ ಬರುತ್ತಿದ್ದವನು ಗಾಡಿ ತಿರುಗಿಸಿದ.

ಪಟ್ಟಣದ ಆಸ್ಪತ್ರೆಯಲ್ಲಿ ಚಿಕ್ಕಮಾದಯ್ಯನನ್ನು ಒಂದು ಬೆಂಚಿನ ಮೇಲೆ ಮಲಗಿಸಿದ್ದರು. ಡಾಕ್ಟರು ಹೊಸಬರು. ಸುಸ್ತಾದ ಕಣ್ಣು.

"ಕುಡಿದು ಬಿದ್ದಿದ್ದಾನೆ ಅಂತ ಹೇಳಿ ಬಿಟ್ಟು ಹೋದರಲ್ಲಮ್ಮ ಜೀಪಿನವರು."

"ಕುಡಿಯೋ ಆಳಲ್ಲ ಸೋಮಿ. ಮದ್ದು ಒಡೀತಿದ್ದ. ಮೂಸಿ ನೋಡಿ ಬೇಕಾರೆ."

ಡಾಕ್ಟರು ಬಗ್ಗಿದರು. ರೆಪ್ಪೆ ಎತ್ತಿ ನೋಡಿದರು. ಮುಖ ಬಿಗಿಯಿತು. ನರ್ಸನ್ನು ಕೂಗಿ ಬಟ್ಟೆ ಬಿಚ್ಚಿಸಿ ಮೈ ತೊಳೆಸಿದರು. ಸೂಜಿ ಚುಚ್ಚಿದರು. "ಕಂಡದ್ದಕ್ಕೆ ಕೊಡ್ತಾ ಇದ್ದೀನಿ. ಆದರೆ ಏನು ಹೊಡೀತಿದ್ದ ಅಂತ ತಿಳಿಯಬೇಕು. ಒಂದೊಂದು ವಿಷಕ್ಕೆ ಒಂದೊಂದು ದಾರಿ. ಹೆಸರು ಗೊತ್ತಾ? ಡಬ್ಬ ಇದೆಯಾ?"

ಅಶೋಕ್ ದಿಲೀಪನಿಗೆ ಫೋನು ಮಾಡಿದ. ಎತ್ತಿದ ದಿಲೀಪ್ ಹೇಳಿದ. "ನಮ್ಮಲ್ಲಿ ಬೇವಿನೆಣ್ಣೆ ಬಿಟ್ಟು ಬೇರೆ ಏನೂ ಬಳಸಲ್ಲ. ಅವನು ಕುಡಿದಿದ್ದ." ಫೋನು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಹತ್ತಲಿಲ್ಲ.

ದ್ಯಾವಮ್ಮ ಎದ್ದು ನಿಂತಳು. "ಗಾಡಿ ತಗಿ ಅಶೋಕ."

ಅವರು ಬಂದಾಗ ಮಳೆಕಾಡಿನ ಬಾಗಿಲಲ್ಲಿ ಮಾವಿನ ತೋರಣ ಕಟ್ಟಿತ್ತು. ಕಾರುಗಳು ಸಾಲಾಗಿ ನಿಂತಿದ್ದವು. ಒಳಗೆ ಜರಿಗಿಡಗಳ ನಡುವೆ ತಪಾಸಣೆಯವರು ತಲೆ ಎತ್ತಿ ಮರ ನೋಡುತ್ತಿದ್ದರು. ಆಗತಾನೇ ಬಿಟ್ಟ ಓತಿಯೊಂದು ಬೆದರಿ ಕೊಂಬೆಯನ್ನು ಅವುಚಿಕೊಂಡಿತ್ತು. ವೀಣ ಅದನ್ನು ತೋರಿಸುತ್ತಿದ್ದಳು. ಅವಳ ದನಿಯಲ್ಲಿ ಜೀವ ಇರಲಿಲ್ಲ.

ದ್ಯಾವಮ್ಮ ಹಿಂದಿನ ಶೆಡ್ಡಿಗೆ ಹೋದಳು. ಬೀಗ ಹಾಕಿತ್ತು. ಕಲ್ಲು ತೆಗೆದುಕೊಂಡು ಬಡಿದಳು. ಬೀಗ ಬಗ್ಗಲಿಲ್ಲ, ತಗಡಿನ ಬಾಗಿಲೇ ಕಿತ್ತು ಬಂದಿತು. ಅಂಗೈ ಹರಿಯಿತು. ಒಳಗೆ ನೀಲಿ ಕ್ಯಾನುಗಳು. ಹೆಚ್ಚಿನವುಗಳ ಚೀಟಿ ಕೆರೆದಿತ್ತು. ಗೋಡೆಯ ಮಗ್ಗುಲಲ್ಲಿ ಹೊಸದೊಂದಿತ್ತು. ಅದಕ್ಕಿನ್ನೂ ಯಾರೂ ಉಗುರು ಹಾಕಿರಲಿಲ್ಲ. ಅದನ್ನು ತಲೆಯ ಮೇಲೆ ಏರಿಸಿಕೊಂಡಳು. ತುಂಬಿದ ಕ್ಯಾನು. ಕತ್ತು ಕುಸಿಯಿತು.

ಹಿಂಬಾಗಿಲಿಂದ ಹೋಗಬಹುದಿತ್ತು. ಅವಳು ಮುಂದಿನ ದಾರಿ ಹಿಡಿದಳು. ಅವಳೇ ಗುಡಿಸಿದ ದಾರಿ.

ಮೊದಲು ಕಂಡವನು ಗಾರ್ಡು. "ಏಯ್, ಏನಮ್ಮಿ ಅದು? ಇಳ್ಸು ಕೆಳಗೆ!"

ದಿಲೀಪ್ ತಿರುಗಿ ನೋಡಿದ. ಮುಖದ ನಗು ಹಾಗೇ ಇತ್ತು. ಹತ್ತಿರ ಬಂದು ಹಲ್ಲು ಕಚ್ಚಿ ಮೆಲ್ಲಗೆ ಹೇಳಿದ. "ದ್ಯಾವಮ್ಮ, ಒಳ್ಳೆ ಮಾತಲ್ಲಿ ಕೆಳಗಿಡು. ಇದು ಕಳ್ಳತನ. ಪೊಲೀಸಿಗೆ ಕೊಡ್ತೀನಿ."

"ಕೊಡು."

"ದಾರಿ ಬಿಡಿಸ್ತೀನಿ ಅಂದಿದ್ದೆ. ಮಸಣಕ್ಕೆ. ಅದೂ ಹೋಗುತ್ತೆ ನೋಡು."

ಆಗ ಅವಳ ದನಿ ಏರಿತು. ಮರ ನೋಡುತ್ತಿದ್ದವರೆಲ್ಲ ಇತ್ತ ತಿರುಗಿದರು.

"ಸತ್ತೋರ್ಗೆ ದಾರಿ ಬುಡ್ತೀನಿ ಅಂತೀಯ. ಬದುಕಿರೋರ್ಗೆ ಎಲ್ಲಿ ಬುಟ್ಟಿದ್ದೀಯ ದಾರಿಯ? ನನ್ ಗಂಡ ಬಾಯಲ್ಲಿ ನೊರೆ ಕಾರ್ತಾ ಬಿದ್ದವ್ನೆ. ಕುಡ್ದವ್ನೆ ಅಂತೀಯಾ? ಅಂಗಾರೆ ಈ ಓತಿಕ್ಯಾತಗಳೂ ಕುಡ್ದಿದ್ವಾ?"

ಗಾರ್ಡು ಅವಳ ರಟ್ಟೆಗೆ ಕೈ ಹಾಕಿದ. ಅವಳು ಒಂದು ಕೈಯಲ್ಲಿ ಕ್ಯಾನಿನ ಮುಚ್ಚಳ ತಿರುವಿದಳು. ವಾಸನೆ ಎದ್ದಿತು. ಗಂಟಲು ಹಿಡಿಯುವ, ಕಣ್ಣು ಉರಿಸುವ ವಾಸನೆ. ತಪಾಸಣೆಯವರು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು. ಗಾರ್ಡಿನ ಕೈ ಸಡಿಲವಾಯಿತು.

"ಮುಟ್ಟು ನೋಡಾನ," ಎಂದಳು. "ಸುರುದ್ಬುಡ್ತೀನಿ. ಬೇವಿನೆಣ್ಣೆ ತಾನೆ? ಮೈಗೆ ಒಳ್ಳೇದು."

ಯಾರೂ ಮುಟ್ಟಲಿಲ್ಲ. ದಾರಿ ತಾನಾಗಿ ಬಿಟ್ಟುಕೊಂಡಿತು. ಅವಳು ನಡೆದಳು. ವೀಣ ದಾರಿಯ ಪಕ್ಕದಲ್ಲೇ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ದಿಲೀಪ್ ಅವಳತ್ತ ನೋಡಿದ. ಅವಳು ನೆಲ ನೋಡಿದಳು.

ಚೀಟಿ ಓದಿ ಡಾಕ್ಟರು ಸೂಜಿ ಬದಲಾಯಿಸಿದರು, ಅಳತೆ ಬದಲಾಯಿಸಿದರು. ಆಂಬುಲೆನ್ಸ್ ಕರೆಸಿ ಮಂಡ್ಯಕ್ಕೆ ಕಳಿಸಿದರು. ಚಿಕ್ಕಮಾದಯ್ಯನ ಬಾಯಿಗೆ ಕೊಳವೆ ಹಾಕಿದರು. ಉಸಿರು ಮಿಸೀನಿನದಾಯಿತು. ದ್ಯಾವಮ್ಮ ವಾರ್ಡಿನ ಹೊರಗೆ ನೆಲದ ಮೇಲೆ ಕೂತಳು.

ವೀಣ ಅಲ್ಲಿಗೆ ಬಂದಳು. ಹಣ್ಣು ತಂದಿದ್ದಳು. ಅತ್ತಿದ್ದಳು, ಕಣ್ಣು ಊದಿತ್ತು.

"ನಾನು ಅವರಿಗೆ ಹೇಳಿದ್ದೆ ದ್ಯಾವಮ್ಮ. ಆ ವಿಷ ಯಾವುದು ಅಂತ ಓತಿಗಳನ್ನ ಕುಯ್ದಾಗಲೇ ಗೊತ್ತಾಯ್ತು. ನಿಲ್ಲಿಸಿ ಅಂತ ಜಗಳ ಆಡಿದೆ."

"ಅವು ಸಾಯ್ತವೆ ಅಂತ ಏಳುದ್ಯಾ?"

"ಹೌದು."

"ಅದ್ನ ಒಡ್ಯೋನು ಸಾಯ್ತಾನೆ ಅಂತ?"

ವೀಣ ಹಣ್ಣಿನ ಚೀಲವನ್ನು ಬೆಂಚಿನ ಮೇಲೆ ಇಟ್ಟಳು.

"ದಿನಾ ನಿನ್ ಮುಂದ್ಲೇ ಓಗ್ತಿದ್ನಲ್ಲವ್ವ. ಬೆನ್ನ ಮ್ಯಾಲೆ ಅದ್ನೇ ಒತ್ಕಂಡು. ಓತಿ ಕಾಲು ಅದ್ರಿದ್ದು ಕಂಡಿದ್ದೆ ನೀನು. ಅವನ ಕೈ ಕಾಣ್ನಿಲ್ವ?"

ಹಣ್ಣಿನ ಚೀಲ ಬೆಂಚಿನ ಮೇಲೆ ಉಳಿಯಿತು. ವೀಣ ಎದ್ದು ಹೋದಳು. ಅವಳು ಕೆಲಸ ಬಿಟ್ಟಳು ಎಂದು ಆಮೇಲೆ ಯಾರೋ ಹೇಳಿದರು. ಅದರಿಂದ ದ್ಯಾವಮ್ಮನಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಚಿಕ್ಕಮಾದಯ್ಯ ಬದುಕಿದ. ಬದುಕಿದ ಎಂದು ಹೇಳಬಹುದು. ನಡೆದರೆ ಗೋಡೆ ಬೇಕು. ಕಣ್ಣಿಗೆ ಮೋಡ. ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಕಬ್ಬಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದ ಕೈಗಳು ಮಡಿಲಲ್ಲಿ ಕೂತು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ದ್ಯಾವಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನುಂಗುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾಚಿಕೆಗೆ.

ಅವಳ ಮೇಲೆ ಕಳ್ಳತನದ ದೂರು ಬಿದ್ದಿತು. ಬಾಗಿಲು ಮುರಿದದ್ದು, ಕ್ಯಾನು ಕದ್ದದ್ದು. ಅವಳು ಕೊಟ್ಟ ದೂರು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಪಾಸಣೆಯವರು ಮತ್ತೆ ಬರುತ್ತಾರಂತೆ, ಈ ಸಲ ಆಗಿದ್ದು ಒಬ್ಬ ಹೆಂಗಸಿನ ಗಲಾಟೆ ಎಂದು ಬರೆದುಕೊಂಡರಂತೆ ಎಂಬ ಸುದ್ದಿ ಬಂದಿತು. ಅಶೋಕ್ ಮನೆಮನೆಗೆ ಹೋದ. ಕಾಲೋನಿಯಿಂದ ಒಬ್ಬರೂ ಮಳೆಕಾಡಿಗೆ ಕೆಲಸಕ್ಕೆ ಹೋಗಲಿಲ್ಲ. ಪುಟ್ಟಲಕ್ಷ್ಮಮ್ಮನೂ ಹೋಗಲಿಲ್ಲ. "ಸುಟ್ಟಿದ್ದು ಸಾಕು," ಎಂದಳು.

ಸ್ವಲ್ಪ ದಿನ ಮಳೆಕಾಡು ಸುಮ್ಮನಿತ್ತು. ಆಮೇಲೆ ಒಂದು ಲಾರಿ ಬಂದಿತು. ದೂರದ ಸೀಮೆಯ ಆಳುಗಳು ಇಳಿದರು. ಕನ್ನಡ ಬಾರದವರು. ನಾಲೆಯ ಆಚೆ ತಗಡಿನ ಶೆಡ್ಡಿನಲ್ಲಿ ಅವರನ್ನು ಇಳಿಸಿದರು. ಬೆಳಿಗ್ಗೆ ಅವರು ಕಾಲೋನಿಯ ಮುಂದಿನ ರಸ್ತೆಯಲ್ಲೇ ಸಾಲಾಗಿ ಮಳೆಕಾಡಿಗೆ ಹೋಗುತ್ತಿದ್ದರು. ಕೊನೆಯಲ್ಲಿ ಒಬ್ಬ ನಡುವಯಸ್ಸಿನವನು ಬರುತ್ತಿದ್ದ. ಬೆನ್ನಿಗೆ ಪಂಪು. ಮುಖಕ್ಕೆ ಟವಲು.

ಗಾಳಿ ಮತ್ತೆ ವಾಸನೆ ತಂದಿತು.

ದ್ಯಾವಮ್ಮ ಬಾಗಿಲಲ್ಲಿ ನಿಂತು ದಿನಾ ಅವನನ್ನು ನೋಡುತ್ತಿದ್ದಳು. ಯಾರ ಗಂಡನೋ. ಇವನು ಬಿದ್ದರೆ ಯಾರು ಓಡಿ ಬರುತ್ತಾರೆ? ಕುಡಿದಿದ್ದ ಎಂದು ಯಾವ ಬೆಂಚಿನ ಮೇಲೆ ಹಾಕಿ ಹೋಗುತ್ತಾರೆ? ಅನ್ನ ಸೇರದಾಯಿತು.

ಒಂದು ಬೆಳಿಗ್ಗೆ ಅವಳು ರಸ್ತೆಗೆ ಇಳಿದು ಅವನ ಎದುರು ನಿಂತಳು. ಅವನು ಪಕ್ಕಕ್ಕೆ ಸರಿದ. ಅವಳೂ ಸರಿದಳು. ಅವನು ಏನೋ ಅಂದ. ಅವಳಿಗೆ ತಿಳಿಯಲಿಲ್ಲ. "ಓಗ್ಬ್ಯಾಡ ಕಣಪ್ಪ," ಎಂದಳು. ಅವನಿಗೆ ತಿಳಿಯಲಿಲ್ಲ. ಮುಂದೆ ಹೋದವರು ತಿರುಗಿ ನೋಡಿ ನಿಂತರು.

ಅವಳು ಮನೆಯೊಳಗೆ ಹೋಗಿ ಚಿಕ್ಕಮಾದಯ್ಯನ ಭುಜ ಹಿಡಿದು ಕರೆದುಕೊಂಡು ಬಂದಳು. ಅವನು ಗೋಡೆ ಹಿಡಿದು, ಕಂಬ ಹಿಡಿದು, ಕೊನೆಗೆ ಅವಳನ್ನು ಹಿಡಿದು ರಸ್ತೆಯ ನಡುವೆ ನಿಂತ.

"ತೋರ್ಸು," ಎಂದಳು.

ಚಿಕ್ಕಮಾದಯ್ಯ ಎರಡೂ ಕೈ ಮುಂದೆ ಚಾಚಿದ. ಬಿಸಿಲಿನಲ್ಲಿ ಕೈಗಳು ಅದುರುತ್ತಿದ್ದವು. ಪಂಪು ಹೊತ್ತವನು ಆ ಕೈಗಳನ್ನೇ ನೋಡಿದ. ಆಮೇಲೆ ಚಿಕ್ಕಮಾದಯ್ಯನ ಬಾಯ ಕೊನೆಯ ಜೊಲ್ಲು ನೋಡಿದ. ಬೆನ್ನಿನ ಪಂಪನ್ನು ತೋರಿಸಿ, ಹುಬ್ಬು ಎತ್ತಿ ಕೇಳಿದ. ದ್ಯಾವಮ್ಮ ತಲೆ ಆಡಿಸಿದಳು. ಹೌದು. ಅದೇ.

ಅವನು ನಿಧಾನವಾಗಿ ತನ್ನ ಬಲಗೈ ಎತ್ತಿ ಚಿಕ್ಕಮಾದಯ್ಯನ ಕೈಯ ಪಕ್ಕಕ್ಕೆ ಚಾಚಿದ. ಬೆರಳ ತುದಿಗಳು ಆಗಲೇ ಅದುರುತ್ತಿದ್ದವು.

ಆಮೇಲೆ ಅವನು ಮುಖದ ಟವಲು ಬಿಚ್ಚಿದ. ಭುಜದ ಪಟ್ಟಿ ಕಳಚಿದ. ಪಂಪನ್ನು ರಸ್ತೆಯ ನಡುವೆ ಇಳಿಸಿದ. ದ್ಯಾವಮ್ಮ ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಚಿಕ್ಕಮಾದಯ್ಯನನ್ನು ಕೂರಿಸಿಕೊಂಡಳು. ಪುಟ್ಟಲಕ್ಷ್ಮಮ್ಮ ಬಂದು ಕೂತಳು. ಅಶೋಕ್ ಟೆಂಪೋ ಅಡ್ಡ ನಿಲ್ಲಿಸಿ ಬಂದು ಕೂತ. ಕಾಲೋನಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಪರಸೀಮೆಯವನು ಒಂದು ಗಳಿಗೆ ನಿಂತಿದ್ದು, ತನ್ನವರನ್ನು ಏನೋ ಕೂಗಿ ಕರೆದು, ಕಾಲೋನಿಯವರ ನಡುವೆ ಕೂತುಕೊಂಡ.

ಮಳೆಕಾಡಿನ ಬಾಗಿಲಲ್ಲಿ ಗಾರ್ಡು ಫೋನು ಕಿವಿಗಿಟ್ಟುಕೊಂಡು ಇತ್ತಲೇ ನೋಡುತ್ತಿದ್ದ. ಬಿಸಿಲು ಏರಿತು. ನಾಲೆಯ ಸೇತುವೆಯ ಮೇಲೆ ಧೂಳು ಎದ್ದಿತು. ಮುಂದೆ ಕಂಪನಿಯ ಜೀಪು. ಹಿಂದೆ ಪೊಲೀಸಿನದು. ಹಾರನ್ನು ಬಾರಿಸುತ್ತ ಬಂದು ಅವರ ಕಾಲಬುಡಕ್ಕೆ ಮೂತಿ ತಾಗಿಸಿ ನಿಂತವು. ದಿಲೀಪ್ ಇಳಿದ. ಅವನ ಹಿಂದೆ ಲಾಠಿಗಳು ಇಳಿದವು.

"ಏಳ್ರಿ ಮೇಲೆ!"

ಯಾರೂ ಏಳಲಿಲ್ಲ.